ಚಿನ್ನ, ರಕ್ತ, ಉಕ್ಕು: ಕಾಂತಕ್ಷೇತ್ರದ ಮುಂದೆ

ಅಯಸ್ಕಾಂತಕ್ಕೆ ಅಂಟುವ ವಸ್ತುಗಳು, ಅಂಟದ ವಸ್ತುಗಳು ಎಂಬ ಶಾಲೆಯ ವಿಂಗಡಣೆ ದಿನಬಳಕೆಗೆ ಸಾಕು. ಆದರೆ ಕ್ಷೇತ್ರ ಸಾಕಷ್ಟು ಪ್ರಬಲವಾಗಿದ್ದರೆ ಅದಕ್ಕೆ ಓಗೊಡದ ಪದಾರ್ಥವೇ ಇಲ್ಲ. ಇದು ಎದ್ದು ಕಾಣುವ ಜಾಗ ಎಂ.ಆರ್.ಐ. ಕೋಣೆ. ಹೈದರಾಬಾದಿನ ಹಿಮಾಯತ್‌ನಗರದಂಥ ಬಡಾವಣೆಗಳ ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಒಳಹೋಗುವ ಮುನ್ನ ಬಳೆ, ಸರ, ಬೆಲ್ಟು, ಬೀಗದ ಕೈ ಎಲ್ಲವನ್ನೂ ತೆಗೆದಿಡಬೇಕು. ಇಂಥ ಯಂತ್ರದ ಸಾಮಾನ್ಯ ಬಲ 1.5 ಟೆಸ್ಲಾ. ಆ ಊರಿನಲ್ಲಿ ಭೂಮಿಯ ಕಾಂತಕ್ಷೇತ್ರ ಎಷ್ಟಿದೆಯೋ ಅದರ ಸುಮಾರು 35 ಸಾವಿರ ಪಟ್ಟು.

ತೆಗೆದಿಟ್ಟ ಅಪರಂಜಿ ಬಳೆಯನ್ನು ಆ ಕ್ಷೇತ್ರ ಸೆಳೆಯುವುದಿಲ್ಲ, ತೀರ ನವಿರಾಗಿ ದೂರ ತಳ್ಳುತ್ತದೆ. ಚಿನ್ನ, ತಾಮ್ರ, ಬಿಸ್ಮತ್, ನೀರು ಇವೆಲ್ಲ ಡಯಾಮ್ಯಾಗ್ನೆಟಿಕ್ ವಸ್ತುಗಳು. ಹೊರಗಿನ ಕ್ಷೇತ್ರ ಬಂದಾಗ ಪರಮಾಣುವಿನ ಎಲೆಕ್ಟ್ರಾನುಗಳ ಚಲನೆ ಅದನ್ನು ವಿರೋಧಿಸುವಂತೆ ಬದಲಾಗುತ್ತದೆ. ಈ ಗುಣ ಎಲ್ಲ ಪದಾರ್ಥಗಳಲ್ಲೂ ಇದೆ. ಕೆಲವುಗಳಲ್ಲಿ ಬೇರೆ ಬಲಗಳು ಅದನ್ನು ಮುಚ್ಚಿಬಿಡುತ್ತವೆ. 1997ರಲ್ಲಿ ನೆದರ್ಲೆಂಡ್ಸಿನ ನೈಮೇಗನ್‌ನಲ್ಲಿ ಆಂಡ್ರೆ ಗೈಮ್ ಮತ್ತು ಸಂಗಡಿಗರು ಸುಮಾರು 16 ಟೆಸ್ಲಾ ಕ್ಷೇತ್ರದಲ್ಲಿ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದು ಅದರ ಮೈಯ ನೀರಿನ ಇದೇ ವಿರೋಧದಿಂದ. ಹಾಗಿದ್ದರೆ ಬಳೆ ತೆಗೆಯುವುದೇಕೆ? ಯಂತ್ರದ ರೇಡಿಯೋ ತರಂಗಗಳು ಲೋಹದಲ್ಲಿ ವಿದ್ಯುತ್ ಹರಿಸಿ ಬಿಸಿ ಮಾಡಬಲ್ಲವು, ಚಿತ್ರವೂ ಕೆಡುತ್ತದೆ.

ಜೋಡಿಯಿಲ್ಲದ ಎಲೆಕ್ಟ್ರಾನುಗಳಿರುವ ವಸ್ತುಗಳು ಪ್ಯಾರಾಮ್ಯಾಗ್ನೆಟಿಕ್. ಅಲ್ಯೂಮಿನಿಯಂ, ಟೈಟಾನಿಯಂ, ಆಮ್ಲಜನಕ ಈ ಗುಂಪಿನವು. ಕ್ಷೇತ್ರದತ್ತ ತುಸು ವಾಲುತ್ತವೆ, ಕ್ಷೇತ್ರ ಹೋದರೆ ಎಲ್ಲ ಮರೆಯುತ್ತವೆ. ರಕ್ತದ ಕಥೆ ಇನ್ನೂ ಸ್ವಾರಸ್ಯಕರ. ಆಮ್ಲಜನಕ ಪ್ಯಾರಾಮ್ಯಾಗ್ನೆಟಿಕ್, ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಕೂಡ ಅದೇ ಜಾತಿ. ಎರಡೂ ಕೂಡಿದರೆ ಮಾತ್ರ ಡಯಾಮ್ಯಾಗ್ನೆಟಿಕ್! ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಇದನ್ನು 1936ರಲ್ಲಿ ತೋರಿಸಿದರು. ಮಿದುಳಿನ ಯಾವ ಭಾಗ ಕೆಲಸದಲ್ಲಿದೆ ಎಂದು ಹೇಳುವ ಫಂಕ್ಷನಲ್ ಎಂ.ಆರ್.ಐ. ನಿಂತಿರುವುದು ಈ ವ್ಯತ್ಯಾಸದ ಮೇಲೆ. ಚಿತ್ರ ಸ್ಫುಟವಾಗಲೆಂದು ಕೆಲವರಿಗೆ ಕೊಡುವ ಚುಚ್ಚುಮದ್ದಿನಲ್ಲಿರುವ ಗ್ಯಾಡೋಲಿನಿಯಂ ಅಯಾನಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳು ಏಳು.

ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಫೆರೋಮ್ಯಾಗ್ನೆಟಿಕ್. ಇವುಗಳಲ್ಲಿ ಅಸಂಖ್ಯ ಪರಮಾಣುಗಳು ಒಂದೇ ದಿಕ್ಕಿಗೆ ಮುಖಮಾಡಿದ ಪುಟ್ಟ ವಲಯಗಳು ಮೊದಲೇ ಇರುತ್ತವೆ. ಕ್ಷೇತ್ರ ತಾಗಿದೊಡನೆ ವಲಯಗಳು ಸಾಲುಗೂಡುವುದರಿಂದ ಸೆಳೆತ ಸಾವಿರಾರು ಪಟ್ಟು ಬೆಳೆಯುತ್ತದೆ. ಕಾವು ಒಂದು ಮಿತಿ ದಾಟಿದರೆ ಈ ಶಿಸ್ತು ಮುರಿಯುತ್ತದೆ: ಕಬ್ಬಿಣಕ್ಕೆ 770 ಡಿಗ್ರಿ ಸೆಲ್ಸಿಯಸ್, ಗ್ಯಾಡೋಲಿನಿಯಂ ಲೋಹಕ್ಕೆ ಬರೀ 20ರ ಆಸುಪಾಸು. ಅಂದರೆ ಹೈದರಾಬಾದಿನ ಡಿಸೆಂಬರ್ ಚಳಿಯಲ್ಲಿ ಅದು ಕಬ್ಬಿಣದ ಜಾತಿ, ಮೇ ತಿಂಗಳ ಬಿಸಿಲಿಗೆ ಅಲ್ಯೂಮಿನಿಯಂ ಜಾತಿ.

ಸ್ಟೀಲ್ ಪಾತ್ರೆಯ ಗುಣಮಟ್ಟವನ್ನು ಅಯಸ್ಕಾಂತ ಹಿಡಿದು ಅಳೆಯುವ ರೂಢಿ ಪೂರ್ತಿ ನಂಬಲರ್ಹವಲ್ಲ. ನಿಕ್ಕಲ್ ಬೆರೆತ 304 ಸ್ಟೀಲಿನ ಹರಳು ರಚನೆಯೇ ಬೇರೆ, ಅದು ಅಂಟುವುದಿಲ್ಲ. ನಿಕ್ಕಲ್ ಇಲ್ಲದ 430 ಅಂಟುತ್ತದೆ, ಅದೂ ಸ್ಟೇನ್‌ಲೆಸ್ಸೇ; ಇಂಡಕ್ಷನ್ ಒಲೆಯ ಪಾತ್ರೆಗಳ ತಳಕ್ಕೆ ಬೇಕಾದದ್ದೂ ಅಂಥದ್ದೇ. ಒತ್ತಿ ಬಗ್ಗಿಸಿದ 304ರ ಸಿಂಕಿನ ಮೂಲೆಗಳು ಕೂಡ ಸ್ವಲ್ಪ ಅಂಟುತ್ತವೆ.

ಕರ್ನಾಟಕದ ಎರಡು ಅದಿರುಗಳಲ್ಲಿ ಮತ್ತೊಂದು ಬಗೆ ಸಿಗುತ್ತದೆ. ಕುದುರೆಮುಖದ ಮ್ಯಾಗ್ನಟೈಟಿನಲ್ಲಿ ಕಬ್ಬಿಣದ ಅಯಾನುಗಳು ಪರಸ್ಪರ ವಿರುದ್ಧ ದಿಕ್ಕಿಗೆ ನಿಂತರೂ ಎರಡು ಪಕ್ಷಗಳ ಬಲ ಅಸಮ. ಉಳಿದ ಬಲದಿಂದ ಅದು ಜೋರಾಗಿ ಅಂಟುತ್ತದೆ. ಸಂಡೂರಿನ ಹೆಮಟೈಟಿನಲ್ಲಿ ಆ ಬಲಗಳು ಬಹುಪಾಲು ರದ್ದಾಗುತ್ತವೆ. ಮ್ಯಾಗ್ನಟೈಟ್ ಜೋರಾಗಿ ಅಂಟುವುದರಿಂದಲೇ 2005ರ ಕೊನೆಗೆ ಗಣಿಗಾರಿಕೆ ನಿಲ್ಲುವತನಕ ಕುದುರೆಮುಖದ ಬಡ ಅದಿರನ್ನು ಪುಡಿಮಾಡಿ, ಅಯಸ್ಕಾಂತದ ನೆರವಿನಿಂದ ಸೋಸಿ, ಕೊಳವೆಯಲ್ಲಿ ಮಂಗಳೂರಿಗೆ ಕಳಿಸುವುದು ಸಾಧ್ಯವಿತ್ತು.

ಎಂ.ಆರ್.ಐ. ಯಂತ್ರದ ಸುರುಳಿ ನಿಯೋಬಿಯಂ-ಟೈಟಾನಿಯಂ ತಂತಿಯದು. ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಗೆ ತಣಿದು ಅದು ಸೂಪರ್‌ಕಂಡಕ್ಟರ್ ಆಗುತ್ತದೆ. ಒಮ್ಮೆ ಹರಿಸಿದ ವಿದ್ಯುತ್ ಹರಿಯುತ್ತಲೇ ಇರುವುದರಿಂದ ಸ್ಕ್ಯಾನ್ ನಡೆಯದಿದ್ದರೂ ಕಾಂತಕ್ಷೇತ್ರ ಜೀವಂತ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಇಂಥ ಕೋಣೆಗೆ ಹೋದ ವ್ಯಕ್ತಿ ಸಿಲಿಂಡರಿನೊಂದಿಗೆ ಯಂತ್ರದತ್ತ ಸೆಳೆಯಲ್ಪಟ್ಟು ಸತ್ತರು. ಒಳಗಿನ ಆಮ್ಲಜನಕದ ಮೇಲಿನ ಸೆಳೆತ ಲೆಕ್ಕಕ್ಕಿಲ್ಲ. ಎಳೆತಕ್ಕೆ ಸಿಗುವುದು ಹೊರಗಿನ ಉಕ್ಕು. ಎಂ.ಆರ್.ಐ. ಕೋಣೆಗೆಂದೇ ಅಲ್ಯೂಮಿನಿಯಂ ಸಿಲಿಂಡರುಗಳನ್ನು ತಯಾರಿಸುವುದು ಈ ಕಾರಣಕ್ಕೆ.