ಅಡ್ಮಿಟ್ ಆದ್ರೆ ವಿಮೆ ಇದೆ, ಬಿಪಿ ಮಾತ್ರೆಗೆ ಯಾರಿದ್ದಾರೆ?

ಆಫೀಸಿನವರು ಕೊಟ್ಟ ಇನ್ಶೂರೆನ್ಸ್ ಕಾರ್ಡ್ ನಿಮ್ಮ ಫೋನಿನಲ್ಲಿ ಭದ್ರವಾಗಿದೆ. ಐದು ಲಕ್ಷದ ಕವರ್, ಅಪ್ಪ-ಅಮ್ಮನ ಹೆಸರೂ ಸೇರಿದೆ. ಸರಿ, ಅಪ್ಪನ ಶುಗರ್ ಮಾತ್ರೆಗೆ ತಿಂಗಳು ತಿಂಗಳು ಹೋಗುವ ದುಡ್ಡು? ಅದು ನಿಮ್ಮ ಜೇಬಿನಿಂದಲೇ.

ನಮ್ಮ ಬಹುತೇಕ ಪಾಲಿಸಿಗಳು ಕೆಲಸಕ್ಕೆ ಬರುವುದು 24 ಗಂಟೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಮೇಲೆ. ಕಣ್ಣಿನ ಪೊರೆಯಂಥ ಡೇ ಕೇರ್ ಆಪರೇಷನ್‌ಗಳಿಗೆ ವಿನಾಯಿತಿ ಇದೆ, ಅಷ್ಟೇ. ಡಾಕ್ಟರ ಫೀಸು, ರಕ್ತಪರೀಕ್ಷೆ, ಮಾತ್ರೆಗಳಿಗೆ ಒಪಿಡಿ ಕವರ್ ಬೇರೆ ಬೇಕು. ಅಂದ್ರೆ ಸಕ್ಕರೆ ಸ್ವಲ್ಪ ಏರಿದಾಗ ನೀವು ಒಬ್ಬರೇ. ಅದು ಕಿಡ್ನಿಯವರೆಗೆ ಹೋದಾಗ ವಿಮೆ ಜೊತೆಗೆ ನಿಲ್ಲುತ್ತೆ!

ಇತ್ತೀಚಿನ ಸುಧಾರಣೆಗಳು ಒಳ್ಳೆಯವೇ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ಐಆರ್‌ಡಿಎಐ 2024ರಲ್ಲಿ ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇ 18 ಜಿಎಸ್‌ಟಿ ಹೋಯಿತು. ಆದರೆ ಇದೆಲ್ಲ ಹಾಸಿಗೆಗೆ ತಲುಪುವ ದಾರಿಯನ್ನು ಸಲೀಸು ಮಾಡುತ್ತದೆಯೇ ಹೊರತು, ಹಾಸಿಗೆ ಹಿಡಿಯದಂತೆ ನೋಡಿಕೊಳ್ಳುವುದಿಲ್ಲ.

ಸರ್ಕಾರಿ ಯೋಜನೆಯ ಕಥೆಯೂ ಹೆಚ್ಚುಕಡಿಮೆ ಹೀಗೇ. ಆಯುಷ್ಮಾನ್ ಭಾರತ್ ಅಂದ ಕೂಡಲೇ ನೆನಪಾಗುವುದು ಐದು ಲಕ್ಷದ ಕಾರ್ಡು. ಆ ಯೋಜನೆಗೆ ಇನ್ನೊಂದು ಕಾಲಿದೆ, ಅದೇ ಮೊದಲು ನೆಲಕ್ಕೆ ಊರಿದ್ದು. 2018ರ ಏಪ್ರಿಲ್‌ನಲ್ಲಿ ಛತ್ತೀಸಗಡದ ಬಿಜಾಪುರ ಜಿಲ್ಲೆಯ ಜಾಂಗ್ಲಾದಲ್ಲಿ ಮೊದಲ ಆರೋಗ್ಯ ಮತ್ತು ಕ್ಷೇಮ ಕೇಂದ್ರ ತೆರೆಯಿತು. ಕಾರ್ಡಿನ ಯೋಜನೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ಹಳೆಯ ಉಪಕೇಂದ್ರ, ಪಿಎಚ್‌ಸಿಗಳನ್ನೇ ಮೇಲ್ದರ್ಜೆಗೇರಿಸಿ ಅಂಥ ಒಂದೂವರೆ ಲಕ್ಷ ಕೇಂದ್ರ ಮಾಡುವುದು ಗುರಿಯಾಗಿತ್ತು. ಬಿಪಿ, ಶುಗರ್, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಅಲ್ಲೇ ಆಗಬೇಕು, ಮಾತ್ರೆ ಪುಕ್ಕಟೆ ಸಿಗಬೇಕು. 2023ರಲ್ಲಿ ಇವಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹೆಸರಾಯಿತು. ಆರೋಗ್ಯಕ್ಕೆ ಇಡುವ ಹಣದಲ್ಲಿ ಮೂರನೇ ಎರಡರಷ್ಟು ಪ್ರಾಥಮಿಕ ಆರೈಕೆಗೆ ಹೋಗಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿದೆ.

ಇದೆಲ್ಲ ಯಾಕೆ ಮುಖ್ಯ? 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಹೊಸ್ತಿಲಲ್ಲಿ ನಿಂತವರಿಗೆ ಐದು ಲಕ್ಷದ ಕಾರ್ಡು ಇವತ್ತು ಏನು ಮಾಡೀತು? ಅವರಿಗೆ ಬೇಕಿರುವುದು ವರ್ಷಕ್ಕೊಮ್ಮೆ ಬೆರಳು ಚುಚ್ಚಿ ನೋಡುವವರು, 'ನಡೀರಿ, ಅನ್ನ ಕಡಿಮೆ ಮಾಡಿ' ಅಂತ ಬೆನ್ನು ಬೀಳುವವರು.

ಕರ್ನಾಟಕದ ಅನುಭವ ಹಳೆಯದು. ಸಹಕಾರಿ ಸಂಘಗಳ ರೈತರಿಗೆ 2003ರಲ್ಲೇ ಬಂದ ಯಶಸ್ವಿನಿಯ ಒತ್ತು ಶಸ್ತ್ರಚಿಕಿತ್ಸೆಯ ಮೇಲಿತ್ತು. ನಮ್ಮ ಕ್ಲಿನಿಕ್‌ಗಳು, 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಬೇರೆ ದಾರಿ ಹಿಡಿದಿವೆ. ಗೃಹ ಆರೋಗ್ಯದಲ್ಲಿ 30 ದಾಟಿದವರ ಬಿಪಿ, ಶುಗರ್ ನೋಡಲು ಸಿಬ್ಬಂದಿ ಮನೆಗೇ ಬರ್ತಾರೆ. ನನ್ನ ಕೇಳಿದ್ರೆ, ಕಾಗದದ ಮೇಲೆ ಇದೇ ಜಾಣ ಖರ್ಚು. ಆದರೆ ಮುಂದಿನ ತಿಂಗಳೂ ಮಾತ್ರೆ ಸ್ಟಾಕ್ ಇರಬೇಕಲ್ಲ, ಯೋಜನೆಗಳು ಮುಗ್ಗರಿಸುವುದೇ ಅಲ್ಲಿ.

ನಿಮ್ಮ ಮಟ್ಟಿಗೆ: ಪಾಲಿಸಿಯಲ್ಲಿ ವಾರ್ಷಿಕ ಚೆಕಪ್ ಇದೆಯಾ ಅಂತ ಎಚ್‌ಆರ್‌ನವರನ್ನು ಕೇಳಿ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, 80ಡಿ ಮಿತಿಯೊಳಗೆ ಚೆಕಪ್ಪಿಗೆ 5,000 ರೂಪಾಯಿವರೆಗೆ ವಿನಾಯಿತಿ ಇದೆ, ನಗದು ಕೊಟ್ಟರೂ ನಡೆಯುತ್ತೆ. ಎಪ್ಪತ್ತು ಟೆಸ್ಟಿನ 'ಫುಲ್ ಬಾಡಿ' ಆಫರ್‌ಗೆ ಮರುಳಾಗಬೇಡಿ. ಯಾವುದು ಬೇಕು ಅಂತ ಡಾಕ್ಟರನ್ನೇ ಕೇಳಿ. ಅಪ್ಪ ಊರಲ್ಲಿದ್ದರೆ, ಅಲ್ಲಿನ ಪಿಎಚ್‌ಸಿಯಲ್ಲಿ ಶುಗರ್ ಮಾತ್ರೆ ಯಾವ ದಿನ ಕೊಡ್ತಾರೆ ಅಂತ ಈ ವಾರವೇ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಹಾಕಿ.