ಕತ್ತಲೆಯನ್ನು ಅರಿಯುವ ಗ್ರಂಥಿ

ಇಲಿಯ ಮಿದುಳಿನಲ್ಲಿ ಸುಮಾರು ಒಂದು ಮಿಲಿಗ್ರಾಂ ತೂಗುವ ಪುಟ್ಟ ಗ್ರಂಥಿಯೊಂದಿದೆ. ಅದೇ ಪೀನಿಯಲ್ ಗ್ರಂಥಿ. ಮಾನವನಲ್ಲಿಯೂ ಇರುವ ಈ ಅಂಗವನ್ನು ಹದಿನೇಳನೆಯ ಶತಮಾನದ ತತ್ತ್ವಜ್ಞಾನಿ ಡೆಕಾರ್ಟ್ ಆತ್ಮದ ಪೀಠವೆಂದು ಬಗೆದಿದ್ದನು. ಅದರ ನಿಜವಾದ ಕೆಲಸ ತಿಳಿಯತೊಡಗಿದುದು 1958ರ ಬಳಿಕ. ಆ ವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಏರನ್ ಲರ್ನರ್ ಮತ್ತು ಅವರ ಸಂಗಡಿಗರು ದನಗಳ ಪೀನಿಯಲ್ ಗ್ರಂಥಿಗಳಿಂದ ಮೆಲಟೋನಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು.

ಮೆಲಟೋನಿನ್ ತಯಾರಾಗುವುದು ಸಿರೊಟೋನಿನ್ ಎಂಬ ಮತ್ತೊಂದು ರಾಸಾಯನಿಕದಿಂದ. ಇಲಿಯ ಗ್ರಂಥಿಯಲ್ಲಿ ಹಗಲು ಸಿರೊಟೋನಿನ್ ತುಂಬಿರುತ್ತದೆ. ಕತ್ತಲಾದ ಬಳಿಕ ಬಹುವಾಗಿ ಇಳಿಯುತ್ತದೆ. ಮೆಲಟೋನಿನ್ನಿನ ನಡೆ ಇದಕ್ಕೆ ತದ್ವಿರುದ್ಧ. ರಾತ್ರಿಯಲ್ಲಿ ಒಂದು ಕಿಣ್ವದ ಚಟುವಟಿಕೆ ಹತ್ತಾರು ಮಡಿ ಹೆಚ್ಚಿ, ಸಿರೊಟೋನಿನ್ ಮೆಲಟೋನಿನ್ನಾಗಿ ಮಾರ್ಪಡುವ ದಾರಿಯನ್ನು ತೆರೆಯುವುದೇ ಇದಕ್ಕೆ ಕಾರಣ.

ಹಾಗಾದರೆ ಈ ಏರಿಳಿತವನ್ನುಂಟುಮಾಡುವುದು ಬೆಳಕೇ? ವಾಚಕರು ಹೌದೆಂದು ಊಹಿಸಬಹುದು. ಸ್ನೈಡರ್, ಆಕ್ಸೆಲ್‌ರಾಡ್ ಮೊದಲಾದವರು 1965ರಲ್ಲಿ ಕಂಡುದು ಬೇರೆ. ಇಲಿಗಳನ್ನು ಎಡೆಬಿಡದ ಕತ್ತಲೆಯಲ್ಲಿಟ್ಟರೂ, ಅವುಗಳ ದೃಷ್ಟಿಯನ್ನೇ ತೆಗೆದರೂ ಸಿರೊಟೋನಿನ್ನಿನ ಲಯ ನಿಲ್ಲಲಿಲ್ಲ. ಆದುದರಿಂದ ಗಡಿಯಾರವು ದೇಹದೊಳಗೇ ಇರಬೇಕು. ಆದರೆ ಗ್ರಂಥಿಗೆ ಹೋಗುವ ನರಗಳ ಸಂಬಂಧವನ್ನು ಕಡಿದಾಗ ಲಯ ಅಳಿಯಿತು. ಎಂದಮೇಲೆ ಗಡಿಯಾರವಿರುವುದು ಗ್ರಂಥಿಯಲ್ಲಲ್ಲ. ಬೇರೊಂದೆಡೆಯಿಂದ ನರಗಳ ಮೂಲಕ ಅದಕ್ಕೆ ಆಜ್ಞೆ ಬರುತ್ತಿದೆ. ಆ ಎಡೆಯ ಸುಳಿವು ದೊರೆತುದು 1972ರಲ್ಲಿ. ಎರಡು ಕಣ್ಣುಗಳ ನರಗಳು ಕೂಡುವ ಜಾಗದ ಮೇಲುಗಡೆಯಿರುವ ಒಂದು ಜೊತೆ ಜೀವಕೋಶಗುಚ್ಛಗಳನ್ನು ನಾಶಪಡಿಸಿದಾಗ ಇಲಿಯ ದಿನಚರಿಯೇ ಲಯ ತಪ್ಪಿತು.

ಬೆಳಕಿಗೆ ಏನೂ ಕೆಲಸವಿಲ್ಲವೆಂದಲ್ಲ. ತುಸು ಮುಂದೆಯೋ ಹಿಂದೆಯೋ ಓಡುವ ಗೋಡೆಗಡಿಯಾರವನ್ನು ನಾವು ರೇಡಿಯೋ ವೇಳೆಗೆ ಸರಿಹೊಂದಿಸುವುದಿಲ್ಲವೆ? ಮಿದುಳಿನ ಗಡಿಯಾರವೂ ಸರಿಯಾಗಿ 24 ಗಂಟೆಗೆ ಓಡದು. ಬೆಳಕು ಅದನ್ನು ದಿನದಿನವೂ ತಿದ್ದುತ್ತದೆ. ಅಲ್ಲದೆ, ನಡುರಾತ್ರಿಯಲ್ಲಿ ಬೆಳಕು ಬಿದ್ದರೆ ಇಲಿಯ ಗ್ರಂಥಿಯಲ್ಲಿ ಆ ಕಿಣ್ವದ ಚಟುವಟಿಕೆ ಕೆಲವೇ ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ.

ಇಲ್ಲೊಂದು ಸೋಜಿಗವುಂಟು. ಮೆಲಟೋನಿನ್ ಏರಿರುವ ಹೊತ್ತಿನಲ್ಲಿ ನಾವು ಮಲಗುತ್ತೇವೆ. ನಿಶಾಚರಿಯಾದ ಇಲಿಯಾದರೋ ಓಡಾಡುತ್ತದೆ. ಆದಕಾರಣ ಅದನ್ನು ನಿದ್ರೆಯ ವಸ್ತುವೆನ್ನುವುದಕ್ಕಿಂತ ‘ಈಗ ಇರುಳು’ ಎಂದು ದೇಹಕ್ಕೆಲ್ಲ ಸಾರುವ ದೂತನೆನ್ನುವುದು ಲೇಸು. ಆ ಸುದ್ದಿಗೆ ಏನು ಮಾಡಬೇಕೆಂಬುದು ಆಯಾ ಪ್ರಾಣಿಗೆ ಸೇರಿದ್ದು.

ಪ್ರಖರವಾದ ಬೆಳಕು ಮಾನವನಲ್ಲಿಯೂ ಈ ದೂತನನ್ನು ತಡೆಯುವುದೆಂದು 1980ರಲ್ಲಿ ಸಿದ್ಧವಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ದೀಪದಡಿಯಲ್ಲಿ ಎಚ್ಚರವಾಗಿ ಕುಳಿತ ವಿದ್ಯಾರ್ಥಿಯು, ಪುಸ್ತಕವನ್ನು ಬೆಳಗುವ ಅದೇ ದೀಪ ತನ್ನೊಳಗಿನ ಇರುಳನ್ನೂ ಮೊಟಕುಗೊಳಿಸಬಲ್ಲದೆಂಬುದನ್ನು ಮರೆಯಬಾರದು.