ಯಶಸ್ವಿನಿಗೆ ದುಡ್ಡು ಕಟ್ಟಿದ್ದಾಯ್ತು, ಮುಂದೆ?

ಹಸುವಿಗೆ ವಿಮೆ ಮಾಡಿಸಿದರೆ ನಾವು ಎಷ್ಟು ಜಾಗ್ರತೆ! ಕಿವಿಗೆ ಓಲೆ ಬಿತ್ತೇ, ಓಲೆಯ ನಂಬರು ಪಾಲಿಸಿಯಲ್ಲಿ ಸರಿಯಾಗಿ ಬರೆದಿದ್ದಾರೆಯೇ ಅಂತ ಎರಡೆರಡು ಸಲ ನೋಡುತ್ತೇವೆ. ಅದೇ ಮನೆ ಮಂದಿಯ ವಿಮೆಯ ಚೀಟಿ ಬಂದರೆ ಮಡಚಿ ಟ್ರಂಕಿನೊಳಗೆ. ಅದು ಹೊರಗೆ ಬರುವುದು ಯಾರಾದರೂ ಆಸ್ಪತ್ರೆಯಲ್ಲಿ ಮಲಗಿದ ಮೇಲೆ.

ನಾನು ಹೂಡಿಯವನು. ಒಂದು ಕಾಲಕ್ಕೆ ರಾಗಿ, ತರಕಾರಿ ಬೆಳೆಯುತ್ತಿದ್ದ ಊರು. ಈಗ ಒಂದು ಕಡೆ ಐಟಿ ಕಂಪನಿಗಳು, ಇನ್ನೊಂದು ಕಡೆ 2023ರ ಮಾರ್ಚಿನಲ್ಲಿ ಶುರುವಾದ ಮೆಟ್ರೊ. ನಡುವೆ ಉಳಿದ ಒಂದಷ್ಟು ಜಾಗದಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಹಾಕುತ್ತೇನೆ. ನಾಲ್ಕು ಹಸು ಇವೆ. ಹಾಲಿನ ಸಂಘದಲ್ಲಿ ನಿರ್ದೇಶಕನಾಗಿದ್ದಾಗ ಸದಸ್ಯರ ಯಶಸ್ವಿನಿ ಅರ್ಜಿ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂತು. ಅರ್ಜಿ ತುಂಬುವುದಕ್ಕಿಂತ ಆಮೇಲಿನದ್ದೇ ದೊಡ್ಡ ಕೆಲಸ ಅಂತ ಅಲ್ಲಿ ತಿಳಿಯಿತು. ಹಣ ಕಟ್ಟಿದ್ದ ಸಂಸಾರವೇ ಆಪರೇಷನ್ನಿಗೆಂದು ಒಡವೆ ಅಡ ಇಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಯಶಸ್ವಿನಿ ಜಾರಿಗೆ ಬಂದದ್ದು 2003ರ ಜೂನ್ 1ರಂದು. ಯೋಚನೆ ಹೃದಯ ವೈದ್ಯ ಡಾ. ದೇವಿ ಶೆಟ್ಟಿಯವರದ್ದು. ಮೊದಲಿಗೆ ತಲೆಗೆ ವರ್ಷಕ್ಕೆ 60 ರೂಪಾಯಿ. 2018ರ ಮೇ ಕೊನೆಗೆ ಅದು ನಿಂತು, ಆರೋಗ್ಯ ಕರ್ನಾಟಕದೊಳಗೆ ಸೇರಿಹೋಯಿತು. ರೈತರು ಬೇಕೇ ಬೇಕು ಅಂದ ಮೇಲೆ 2022ರ ನವೆಂಬರಿನಲ್ಲಿ ಮತ್ತೆ ನೋಂದಣಿ ತೆರೆದರು. ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ ನಾಲ್ಕು ಜನರ ಸಂಸಾರಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100. ನಗರದ ಸಂಘದವರಿಗೆ 1000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದವರ ಪಾಲನ್ನು ಸರಕಾರವೇ ಕಟ್ಟುತ್ತದೆ. ಸಂಸಾರಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ.

ಮೊದಲು ಚೀಟಿ ಓದಿ

ರಸೀದಿ, ಕಾರ್ಡು ಕೈಗೆ ಬಂದ ದಿನವೇ ಆಧಾರ್ ಪಕ್ಕಕ್ಕಿಟ್ಟು ಒಂದೊಂದು ಹೆಸರನ್ನೂ ಹೋಲಿಸಿ. ನಮ್ಮಲ್ಲಿ ಹೆಂಗಸರಿಗೆ ಮನೆಯಲ್ಲೊಂದು ಹೆಸರು, ರೇಷನ್ ಕಾರ್ಡಿನಲ್ಲೊಂದು, ಆಧಾರಿನಲ್ಲೊಂದು. ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮೀದೇವಮ್ಮ. ಊರಲ್ಲಿ ಎರಡೂ ಒಬ್ಬರೇ ಅಂತ ಎಲ್ಲರಿಗೂ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ವಯಸ್ಸು, ಫೋಟೊ, ಸಂಬಂಧ ಇವನ್ನೂ ನೋಡಿ. ಹೊಸದಾಗಿ ಬಂದ ಸೊಸೆ, ಹುಟ್ಟಿದ ಮಗು ಬಿಟ್ಟುಹೋಗಿದ್ದರೆ ಆಗಲೇ ಸಂಘದ ಕಾರ್ಯದರ್ಶಿಗೆ ಬರೆದುಕೊಡಿ. ತಿದ್ದುಪಡಿ ನೋಂದಣಿ ನಡೆಯುವಾಗ ಸುಲಭ, ಆಸ್ಪತ್ರೆ ಕೌಂಟರಿನ ಮುಂದೆ ಕಷ್ಟ.

ನಮ್ಮಂಥ ಊರಿನವರು ಇನ್ನೊಂದು ಗಮನಿಸಬೇಕು. ಹೂಡಿ 2007ರಲ್ಲೇ ಪಾಲಿಕೆಗೆ ಸೇರಿದೆ. ಹಸು ಕಟ್ಟಿದರೂ ಊರು ನಗರವೇ. ನಮ್ಮ ಸಂಘವನ್ನು ಗ್ರಾಮೀಣ ಅಂತ ಹಿಡಿದಿದ್ದಾರೋ ನಗರ ಅಂತಲೋ, ಅದಕ್ಕೆ ತಕ್ಕ ಹಣವೇ ಕಟ್ಟಿದೆಯೋ ರಸೀದಿಯಲ್ಲಿ ನೋಡಿಕೊಳ್ಳಿ.

ಕಟ್ಟಿದ ದಿನವೇ ಶುರುವಲ್ಲ

2022ರ ನವೆಂಬರಿನಲ್ಲಿ ಹಣ ಕಟ್ಟಿದವರಿಗೆ ಸೌಲಭ್ಯ ಸಿಕ್ಕಿದ್ದು 2023ರ ಜನವರಿ 1ರಿಂದ. ಡಿಸೆಂಬರಿನಲ್ಲೇ ಆಪರೇಷನ್ ಮಾಡಿಸಿ ಬಿಲ್ಲು ಹಿಡಿದು ಬಂದವರೊಬ್ಬರಿಗೆ ನಾವು ಏನೂ ಮಾಡಲಾಗಲಿಲ್ಲ. ಹಾಗಾಗಿ ಯಾವ ದಿನದಿಂದ ಯಾವ ದಿನದವರೆಗೆ ಎನ್ನುವುದನ್ನು ಕೇಳಿ, ಕ್ಯಾಲೆಂಡರಿನ ಮೇಲೆ ಬರೆದಿಡಿ. ತಡೆಯಬಹುದಾದ ಆಪರೇಷನ್ ಆದರೆ ಡಾಕ್ಟರನ್ನು ಕೇಳಿ ಆ ದಿನ ದಾಟಿಸಿಕೊಳ್ಳಬಹುದು.

ಆಸ್ಪತ್ರೆಯನ್ನು ಈಗಲೇ ನೋಡಿಟ್ಟುಕೊಳ್ಳಿ

ಹೂಡಿಯಿಂದ ವೈಟ್‌ಫೀಲ್ಡಿನವರೆಗೆ ಆಸ್ಪತ್ರೆಗಳಿಗೆ ಬರವಿಲ್ಲ. ಆದರೆ ಬೋರ್ಡು ಕಂಡಲ್ಲೆಲ್ಲ ಯಶಸ್ವಿನಿ ನಡೆಯುವುದಿಲ್ಲ. ಟ್ರಸ್ಟಿನ ಜೊತೆ ಒಪ್ಪಂದ ಇರುವ, ಅಂದರೆ ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ ಮಾತ್ರ. ಪಟ್ಟಿ ವರ್ಷವರ್ಷಕ್ಕೆ ಬದಲಾಗುತ್ತದೆ. ಹೋದ ವರ್ಷ ಇದ್ದದ್ದು ಈ ವರ್ಷ ಇಲ್ಲದಿರಬಹುದು.

ಒಡವೆ ಅಡ ಇಟ್ಟ ಸಂಸಾರದ ಕತೆ ಇದೇ. ಗರ್ಭಕೋಶದ ಆಪರೇಷನ್. ಹತ್ತಿರದ್ದು, ದೊಡ್ಡದು ಅಂತ ಒಂದು ಆಸ್ಪತ್ರೆಗೆ ಸೇರಿಸಿದರು. ಮೂರನೇ ದಿನ ಕಾರ್ಡು ತೋರಿಸಿದರೆ, "ನಮ್ಮಲ್ಲಿ ಇದು ಇಲ್ಲ" ಅಂದರು. ಅಷ್ಟೊತ್ತಿಗೆ ಆಪರೇಷನ್ ಮುಗಿದಿತ್ತು.

ಇದಕ್ಕೆ ಮದ್ದು ಸುಲಭ. ನಿಮ್ಮ ಊರಿಗೆ ಹತ್ತಿರದ ಮೂರು ನೆಟ್‌ವರ್ಕ್ ಆಸ್ಪತ್ರೆಗಳ ಹೆಸರು, ಫೋನ್ ನಂಬರು ಬರೆದು ಗೋಡೆಗೆ ಅಂಟಿಸಿ. ಪಟ್ಟಿ ಸಂಘದಲ್ಲಿ ಸಿಗದಿದ್ದರೆ ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಯಲ್ಲಿ ಕೇಳಿ. ಬಿಡುವಿದ್ದ ದಿನ ಒಂದು ಸಲ ಹೋಗಿ ಯಶಸ್ವಿನಿ ಕೌಂಟರು ಎಲ್ಲಿದೆ, ನಿಮಗೆ ಬೇಕಾದ ವಿಭಾಗ ಇದೆಯೇ ವಿಚಾರಿಸಿ ಬನ್ನಿ.

ಏನು ಸಿಗುತ್ತೆ, ಏನಿಲ್ಲ

ಮರುಜಾರಿಯಾದಾಗ ಪಟ್ಟಿಯಲ್ಲಿ 1650 ಚಿಕಿತ್ಸೆಗಳಿದ್ದವು. ಪಟ್ಟಿಯಲ್ಲಿದ್ದರೆ ನಿಗದಿ ದರದಲ್ಲಿ, ಜನರಲ್ ವಾರ್ಡಿನಲ್ಲಿ ನಡೆಯುತ್ತದೆ. ಜ್ವರ ಬಂತು, ಮಾತ್ರೆ ತಂದೆ ಅನ್ನುವುದಕ್ಕೆ ಇದಲ್ಲ. ಪ್ರತ್ಯೇಕ ಕೋಣೆ ಬೇಕೆಂದರೆ ಹೆಚ್ಚಿನ ಹಣ ನಮ್ಮದು. ಹಳೆಯ ಯೋಜನೆಯಲ್ಲಿ ಹಾವು ಕಡಿತ, ಎತ್ತು ತಿವಿದದ್ದು, ಕೃಷಿ ಉಪಕರಣದಿಂದಾದ ಗಾಯ, ಕರೆಂಟ್ ಹೊಡೆದದ್ದು ಇವಕ್ಕೂ ಜಾಗ ಇತ್ತು. ಕೀಲು ಬದಲಾವಣೆ, ಅಂಗ ಕಸಿಯಂಥವು ಹೊರಗಿದ್ದವು. ಹಳೆಯದನ್ನೇ ನೆನಪಿಟ್ಟುಕೊಂಡು ಈ ವರ್ಷವೂ ಹಾಗೇ ಅಂದುಕೊಳ್ಳಬೇಡಿ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದ್ದರೆ ಅದರ ಚಿಕಿತ್ಸೆ ಈ ಸಲದ ಪಟ್ಟಿಯಲ್ಲಿದೆಯೇ ಎಂದು ಹೆಸರು ಹಿಡಿದೇ ಕೇಳಿ.

ಸೇರುವಾಗಲೇ ಹೇಳಿ

2023ರ ಆಗಸ್ಟಿನಲ್ಲಿ ನಮ್ಮನೆಯವರಿಗೆ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು. ಕಾರ್ಡು, ರಸೀದಿ, ಆಧಾರ್, ರೇಷನ್ ಕಾರ್ಡು, ಪ್ರತಿಯೊಂದರ ಎರಡು ಜೆರಾಕ್ಸು ಹಿಡಿದು ಮೊದಲು ಹೋದದ್ದೇ ಯಶಸ್ವಿನಿ ಕೌಂಟರಿಗೆ. ಸ್ಕ್ಯಾನಿಂಗ್ ಆಯಿತು, ಅದರ ಹಣ ಕೈಯಿಂದ ಕೊಟ್ಟೆ. ಆಸ್ಪತ್ರೆಯವರು ಕಾಗದ ಪತ್ರ ಟ್ರಸ್ಟಿಗೆ ಕಳಿಸಿ ಒಪ್ಪಿಗೆ ತರಿಸಿದರು. ಒಪ್ಪಿಗೆ ಬರುವವರೆಗೆ ಆಪರೇಷನ್ ಇಲ್ಲ. ಮೂರು ದಿನ ಕಾದೆವು. ಆಮೇಲೆ ಆಪರೇಷನ್ನಿಗೆ ಒಂದು ರೂಪಾಯಿಯನ್ನೂ ಕೇಳಲಿಲ್ಲ.

ಇಲ್ಲಿ ತಿಳಿಯುವುದೇನೆಂದರೆ: ಒಪ್ಪಿಗೆ ಮೊದಲು, ಚಿಕಿತ್ಸೆ ಆಮೇಲೆ. ತುರ್ತಾಗಿದ್ದರೆ ಸೇರಿಸುವ ಹೊತ್ತಿಗೇ ಕಾರ್ಡಿನ ವಿಷಯ ಬಾಯಿಬಿಟ್ಟು ಹೇಳಿ. ಬಿಲ್ಲು ಕಟ್ಟಿ ಬಂದು ಆಮೇಲೆ ಹಣ ವಾಪಸ್ ಕೇಳೋಣ ಅಂದರೆ ನಡೆಯದು. ನಡುವೆ ಯಾರಾದರೂ ಹೆಚ್ಚಿಗೆ ಹಣ ಕೇಳಿದರೆ ಯಾವುದಕ್ಕೆ ಅಂತ ಕೇಳಿ, ರಸೀದಿ ಇಲ್ಲದೆ ಕೊಡಬೇಡಿ.

ಮಗ ಕಂಪನಿಯಲ್ಲಿದ್ದರೆ

ನಮ್ಮ ಕಡೆ ಅಪ್ಪ ಹಾಲು ಹಾಕಿದರೆ ಮಗ ಫ್ಯಾಕ್ಟರಿಯಲ್ಲೋ ಕಂಪನಿಯಲ್ಲೋ ಇರುತ್ತಾನೆ. ತಿಂಗಳಿಗೆ 30,000 ಮೀರಿ ಸಂಬಳ ಇರುವವರು, ಬೇರೆ ಆರೋಗ್ಯ ವಿಮೆಯಲ್ಲಿರುವವರು ಯಶಸ್ವಿನಿಗೆ ಸಲ್ಲುವುದಿಲ್ಲ ಅಂತ ನಿಯಮ. ಮಗನ ಹೆಸರು ಸೇರಿಸುವ ಮುಂಚೆ ಇದನ್ನು ವಿಚಾರಿಸಿ. 21,000ದವರೆಗೆ ಸಂಬಳ ಇರುವವರಿಗೆ ಇಎಸ್ಐ ಇದೆ. ಆದಾಯ ಕಡಿಮೆ ಇರುವ ಅವಲಂಬಿತ ತಂದೆ ತಾಯಿಯನ್ನೂ ಅದರಲ್ಲಿ ಸೇರಿಸಬಹುದು, ಎಷ್ಟೋ ಹುಡುಗರು ಸೇರಿಸಿಯೇ ಇರುವುದಿಲ್ಲ.

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೂ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ಅಲ್ಲಿ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಚೀಟಿ ತರಬೇಕು, ತುರ್ತು ಬಿಟ್ಟು. ಹೃದಯ, ಮಿದುಳಿನ ಆಪರೇಷನ್ನಿಗೆ ಯಾವ ಕಾರ್ಡೂ ಬೇಡದ ಜಾಗ ನಮ್ಮ ಪಕ್ಕದಲ್ಲೇ ಇದೆ: 2001ರಲ್ಲಿ ಶುರುವಾದ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ. ಅಲ್ಲಿ ಹಣವನ್ನೇ ತೆಗೆದುಕೊಳ್ಳುವುದಿಲ್ಲ.

ಏಜೆಂಟರಿಂದ ಪಾಲಿಸಿ ಕೊಂಡಿದ್ದರೆ

ಬಾಡಿಗೆ ಬರುವವರು ಖಾಸಗಿ ಪಾಲಿಸಿಯನ್ನೂ ಕೊಳ್ಳುತ್ತಿದ್ದಾರೆ. ಪಾಲಿಸಿ ಪುಸ್ತಕ ಕೈಗೆ ಬಂದು 30 ದಿನದೊಳಗೆ ಬೇಡ ಅನ್ನಿಸಿದರೆ ಹಿಂತಿರುಗಿಸುವ ಹಕ್ಕಿದೆ. ಸಕ್ಕರೆ ಕಾಯಿಲೆ, ಬಿಪಿ ಇದ್ದದ್ದನ್ನು ಏಜೆಂಟರು "ಬರೆಯೋದು ಬೇಡ ಬಿಡಿ ಯಜಮಾನ್ರೇ" ಅಂದರೂ ಬರೆಸಿಯೇ ಬರೆಸಿ. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಪಾಲಿಸಿಯೇ ಹೋದೀತು. ಕೋಣೆ ಬಾಡಿಗೆಗೆ ಮಿತಿ ಇದೆಯೇ ನೋಡಿ. ಮಿತಿ ಮೀರಿದ ಕೋಣೆ ಹಿಡಿದರೆ ಬೇರೆ ಖರ್ಚಿನಲ್ಲೂ ಅದೇ ಲೆಕ್ಕದಲ್ಲಿ ಕಡಿತ ಮಾಡುತ್ತಾರೆ. ಕ್ಲೇಮು ನಿರಾಕರಿಸಿದರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಸರಿಹೋಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮುಂದಿನ ವರ್ಷ

ಯಶಸ್ವಿನಿ ಒಂದು ವರ್ಷದ ಬೆಳೆ. ಕಳೆದ ಸಲ ಉಪಯೋಗಕ್ಕೆ ಬರಲಿಲ್ಲ ಅಂತ ಈ ಸಲ ಬಿಟ್ಟವರು ಬಹಳ. ಬಾವಿಗೆ ಕಟ್ಟೆ ಕಟ್ಟಿದ ವರ್ಷ ಯಾರೂ ಬೀಳಲಿಲ್ಲ ಅಂತ ಕಟ್ಟೆ ಕೀಳುತ್ತೇವೆಯೇ? ನೋಂದಣಿ ಯಾವಾಗ ತೆರೆಯುತ್ತದೆಂದು ಮನೆಗೆ ಬಂದು ಯಾರೂ ಹೇಳುವುದಿಲ್ಲ. ಸಂಘದ ನೋಟೀಸು ಹಲಗೆ ನೋಡುತ್ತಿರಿ. ಹಾಲು ಬಟವಾಡೆಯಲ್ಲೇ ಹಣ ಹಿಡಿದುಕೊಳ್ಳಿ ಅಂತ ಕಾರ್ಯದರ್ಶಿಗೆ ಬರೆದುಕೊಟ್ಟರೆ ಮರೆಯುವ ಭಯವೂ ಇಲ್ಲ. ನಮ್ಮ ಸಂಘದಲ್ಲಿ ಹಾಗೆ ಮಾಡಿದ್ದೇವೆ.

ಕಾರ್ಡು, ರಸೀದಿ, ಜೆರಾಕ್ಸು, ಆಸ್ಪತ್ರೆ ಪಟ್ಟಿ ಎಲ್ಲವನ್ನೂ ಒಂದೇ ಚೀಲದಲ್ಲಿಡಿ. ಆ ಚೀಲ ಎಲ್ಲಿದೆಯೆಂದು ಯಜಮಾನರೊಬ್ಬರಿಗೇ ಅಲ್ಲ, ಮನೆಯ ಹೆಂಗಸರಿಗೂ ಮಕ್ಕಳಿಗೂ ಗೊತ್ತಿರಲಿ. ಆಸ್ಪತ್ರೆ ಸೇರುವವರು ಯಜಮಾನರೇ ಆದರೆ ಅದನ್ನು ಹುಡುಕಬೇಕಾದವರು ಅವರೇ ತಾನೇ.